ಸ್ಪಿತಿಗೆ ಹೊರಟ ಜಿಪ್ಸಿ

ಗೋರೆಗಾಂವ್ ಪೂರ್ವ, ಮುಂಬೈ
22 ಜೂನ್ 2025

ಪ್ರೀತಿಯ ಮಗಳು ಪ್ರಣೀತಾಳಿಗೆ,

ನಿನ್ನ ಕಾಗದ ಕೈಗೆ ಬಂದು ಹತ್ತೊಂಬತ್ತು ದಿನಗಳಾದವು. ಉತ್ತರ ತಡವಾಯಿತೆಂದು ನೀನು ಬೈಯುವ ಅಗತ್ಯವಿಲ್ಲ, ಆ ಕೆಲಸವನ್ನು ನಿನ್ನ ಅಮ್ಮ ದಿನಾ ಬೆಳಗಿನ ಚಹಾದ ಜೊತೆಗೇ ಮುಗಿಸುತ್ತಿದ್ದಾಳೆ. ನಾವಿಬ್ಬರೂ ಆರೋಗ್ಯ. ನನ್ನ ಮೊಣಕಾಲು ಮಾತ್ರ ಮಳೆಗಾಲ ಶುರುವಾದ ದಿನದಿಂದ ತಕರಾರು ಮಾಡುತ್ತಿದೆ. ಅಮ್ಮನ ಬಿಪಿ ನನ್ನ ಮುಖ ನೋಡಿದಾಗ ಏರುತ್ತದಂತೆ, ಉಳಿದ ಹೊತ್ತಿನಲ್ಲಿ ಸರಿಯಿದೆ. ಫೋನಿನಲ್ಲಿ ಮಾತಾಡೋಣವೆಂದರೆ ನೀನು ಸ್ಪಿತಿಯ ಬೆಟ್ಟದಿಂದ ಕಾಜಾ ಪೇಟೆಗೆ ಇಳಿದ ದಿನ ಮಾತ್ರ ಸಿಗುತ್ತೀ, ಹಲೋ ಹಲೋ ಎನ್ನುವಷ್ಟರಲ್ಲಿ ಲೈನು ಹೋಗುತ್ತದೆ. ಅದಕ್ಕೇ ಕಾಗದ. ನಿನಗೆ ಕನ್ನಡ ಅಕ್ಷರ ತಿದ್ದಿಸಿದವನು ನಾನೇ ಅಲ್ಲವೇ, ನಿಧಾನವಾಗಿ ಓದಿಕೋ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಫೆಬ್ರವರಿಯಲ್ಲಿ ಬಾಡಿಗೆ ಜೀಪು ಹಿಮದಲ್ಲಿ ಜಾರಿ ಮೋರಿಗೆ ಇಳಿದದ್ದು, ನೀನು ಲಸಿಕೆಯ ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡು ಐದು ಗಂಟೆ ನಡೆದದ್ದು, ಇದನ್ನೆಲ್ಲ ನೀನು ಎರಡೇ ಸಾಲಿನಲ್ಲಿ ಬರೆದು ಕೈ ತೊಳೆದುಕೊಂಡಿದ್ದೀ. ಆ ಎರಡು ಸಾಲು ಕೇಳಿ ನಿನ್ನ ಅಮ್ಮ ಆ ದಿನ ಊಟಕ್ಕೇ ಕೂರಲಿಲ್ಲ. "ಕುರಿಗೆ ಚುಚ್ಚುಮದ್ದು ಕೊಡಲಿಕ್ಕೆ ಹೋಗಿ ಇವಳಿಗೆ ಎಂತಾದರೂ ಆದರೆ? ಇಲ್ಲಿ ಬೊರಿವಿಲಿಯಲ್ಲಿ ನಾಯಿ ಬೆಕ್ಕುಗಳಿಗೆ ಡಾಕ್ಟ್ರು ಬೇಡವಾ?" ಎಂದು ನನ್ನ ಮೇಲೆ ಹಾರಿದಳು. ನಿನ್ನನ್ನು ಅಲ್ಲಿಗೆ ಕಳಿಸಿದವನು ನಾನೋ ಎಂಬ ಹಾಗೆ! ಆದರೆ ಈಗ ಸ್ವಂತ ಗಾಡಿ ತೆಗೆದುಕೊಳ್ಳುತ್ತೀ ಎಂದು ತಿಳಿದ ಮೇಲೆ ಸ್ವಲ್ಪ ಸಮಾಧಾನವಾಗಿದ್ದಾಳೆ.

ಮತ್ತೆ ನೀನು ಬರೆದ ಆ ಒಂದು ಮಾತು. "ಅಪ್ಪ, ಗಾಡಿ ನೀವೇ ಆರಿಸಿ. ಲಡಾಖಿನಲ್ಲಿ ನಾಲ್ಕು ತಿಂಗಳು ಓಡಿಸಿದವರು ನೀವು. ನಿಮಗಿಂತ ಹೆಚ್ಚು ಗೊತ್ತಿರುವವರು ಯಾರಿದ್ದಾರೆ?" ಇದನ್ನು ನಾನು ಕೆಳಗಿನ ಮನೆಯ ನಮಿತಾಗೂ ಓದಿ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕಿದ ಸೊಸೈಟಿಯ ಸೆಕ್ರೆಟರಿಗೂ ಹಿಂದಿಯಲ್ಲಿ ವಿವರಿಸಿದೆ. ಫಿಲ್ಮ್ ಸಿಟಿಯಲ್ಲಿ ಮೂವತ್ತಮೂರು ವರ್ಷ ಜನರೇಟರ್ ವ್ಯಾನು, ಕ್ಯಾಮೆರಾ ಗಾಡಿ ಓಡಿಸಿ ನಿವೃತ್ತನಾದ ಮುದುಕನಿಗೆ ಇನ್ನೇನು ಬೇಕು ಹೇಳು.

ನೀನು ಕೊಟ್ಟ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗಬೇಕು, ಲೋ ಗೇರು ಇರಬೇಕು, ಹೊಟ್ಟೆ ನೆಲದಿಂದ ಎತ್ತರವಿರಬೇಕು, ಹಗುರವಾಗಿರಬೇಕು, ಹಿಂದೆ ಲಸಿಕೆಯ ಪೆಟ್ಟಿಗೆಯ ಜೊತೆ ಒಂದು ಕಾಯಿಲೆಯ ಕುರಿ ಮಲಗುವಷ್ಟು ಜಾಗ ಬೇಕು, ಕಾಜಾದ ಮೆಕ್ಯಾನಿಕ್ಕಿಗೆ ರಿಪೇರಿ ಗೊತ್ತಿರಬೇಕು. ಮದುವೆಗೆ ಗಂಡು ಹುಡುಕುವಾಗ ನೀನು ಇಷ್ಟು ಷರತ್ತು ಹಾಕಿರಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ಬೇಸರ ಮಾಡಿಕೊಳ್ಳಬೇಡ, ನಾನು ಅವಳಿಗೆ ಸುಮ್ಮನಿರು ಎಂದೆ.

ಮೊದಲು ಹೈವೇ ಪಕ್ಕದ ಒಂದು ದೊಡ್ಡ ಶೋರೂಮಿಗೆ ಹೋದೆವು. ಟೈ ಕಟ್ಟಿದವನೊಬ್ಬ ನಮಗೆ ಕಾಫಿ ಕೊಟ್ಟು, ಮನೆಯಷ್ಟು ದೊಡ್ಡ ಗಾಡಿಯ ಬಾಗಿಲು ತೆಗೆದ. ಲೋ ಗೇರು ಎಲ್ಲಿದೆಯಪ್ಪ ಎಂದರೆ, ಪರದೆಯ ಮೇಲೆ ಹಿಮದ ಹರಳಿನ ಚಿತ್ರ ಒತ್ತಿ, "ಬಸ್ ಅಂಕಲ್, ಸ್ನೋ ಮೋಡ್ ಆನ್!" ಎಂದ. ಚಿತ್ರ ಒತ್ತಿದರೆ ಹಿಮ ಕರಗುತ್ತದೆಯೇ? ಅಮ್ಮ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತು, ಮಧ್ಯಾಹ್ನ ಮಲಗಲಿಕ್ಕೆ ಲಾಯಕ್ಕು ಉಂಟು ಎಂದಳು. ಅದನ್ನು ಬಿಟ್ಟೆವು.

ಆಮೇಲೆ ಮುಲುಂಡಿನಲ್ಲಿ ಒಂದು ಡೀಸೆಲ್ ಜೀಪು. ಗಟ್ಟಿಮುಟ್ಟು, ಒಳ್ಳೆಯದೇ. ಆದರೆ ನಿಮ್ಮಲ್ಲಿ ಮೈನಸ್ ಇಪ್ಪತ್ತೈದಕ್ಕೆ ಡೀಸೆಲ್ ಟ್ಯಾಂಕಿನಲ್ಲೇ ಗಟ್ಟಿಯಾಗುತ್ತದೆ, ಬೆಳಿಗ್ಗೆ ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಕಾಯಿಸಬೇಕಾಗುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲದ್ದೇ? ಪೆಟ್ರೋಲೇ ಸೈ. ಲೆಕ್ಕ ಹಾಕಿದರೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಜಿಪ್ಸಿಯೇ ನಿನಗೆ ತಕ್ಕದ್ದು. ಹಗುರ, ಸಣ್ಣ, ಬೆಟ್ಟದವರಿಗೆಲ್ಲ ಪರಿಚಯದ ಗಾಡಿ.

ನಮ್ಮ ರಸ್ತೆಯ ಮೆಕ್ಯಾನಿಕ್ ಖಂಡಪ್ಪ ನೆನಪಿದ್ದಾನಲ್ಲ? ಅಫಜಲಪುರದ ಕಡೆಯವನು, ಮೊದಲು ಪಠಾಣ್‌ಕೋಟಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಎಂಟು ವರ್ಷ ಇದ್ದವನು. "ಗಾಡಿ ನೋಡಾಕ ನಾನೂ ಬರ್ತೀನ್ರಿ ದೂಜಣ್ಣ, ಕೆಳಗ ಮಲಗಿ ನೋಡಬೇಕಾಗ್ತದ" ಎಂದ. ನಾನು ಬೇಡವೆಂದೆ. ಗಾಡಿಯ ಸದ್ದು ಕೇಳಿಯೇ ಅದರ ಜಾತಕ ಹೇಳುವವನಿಗೆ ಜೊತೆಗೊಬ್ಬ ಯಾಕೆ? ಅಕ್ಟೋಬರಿನಲ್ಲಿ ಹಿಮ ಬೀಳುವ ಮೊದಲು ಗಾಡಿ ನಿನ್ನ ಬಾಗಿಲಲ್ಲಿ ನಿಂತಿರುತ್ತದೆ. ನಾನೇ ಓಡಿಸಿಕೊಂಡು ಬರುತ್ತೇನೆ.

ಹೊಟ್ಟೆಗೆ ಸರಿಯಾಗಿ ತಿನ್ನು. ಅಮ್ಮ ಕಳಿಸಿದ ಹಪ್ಪಳವನ್ನು ಯಾಕ್‌ಗಳಿಗೆ ಹಾಕಬೇಡ.

ನಿನ್ನ ಅಪ್ಪ,
ದೂಜ ಪೂಜಾರಿ


ಗೋರೆಗಾಂವ್
9 ಜುಲೈ 2025

ಮಗಾ ಪ್ರಣಿ,

ಸಿಕ್ಕಿತು! ಈ ಸಲ ತಡ ಮಾಡದೆ ಬರೆಯುತ್ತಿದ್ದೇನೆ, ನೋಡು.

ಪವಾಯಿಯಲ್ಲಿ ಹಿತೇಶ್ ಎಂಬುವವನ ಜಿಪ್ಸಿ, ಬಿಳಿ ಬಣ್ಣ, 2014ರದ್ದು. ನಮ್ಮ ಕಡೆಯವನೇ, ಅಜ್ಜನ ಮನೆ ಮೂಡುಬಿದಿರೆಯಂತೆ, ಆದರೆ ಮಾತಾಡುವ ಕನ್ನಡ ಕೇಳಿದರೆ ನಗು ಬರುತ್ತದೆ. "ಅಂಕಲ್, ಗಾಡಿ ಏಕ್‌ದಮ್ ಮಸ್ತ್ ಉಂಟು. ನಾನು ಸಂಡೇ ಸಂಡೇ ಮಾತ್ರ ಲೋನಾವಳಾ ಲೇಕೇ ಜಾತಾ ಹೂಂ, ಮತ್ತೆ ವಾಪಸ್" ಎಂದ. ಒಳ್ಳೆಯ ಹುಡುಗ, ಮೂರು ವರ್ಷದ ಹಿಂದೆ ಇನ್ನೊಬ್ಬರಿಂದ ಕೊಂಡದ್ದಂತೆ. ನೀನು ಎಲ್ಲಿಗೆ ಒಯ್ಯುತ್ತೀ ಎಂದು ಹೇಳಿದ ಕೂಡಲೇ ಅವನ ಕಣ್ಣು ಅರಳಿತು. "ಮೇರಾ ಗಾಡಿ ಸ್ಪಿತಿ ಜಾಯೇಗಾ?" ಎಂದು ಬಾನೆಟ್ಟನ್ನು ಸವರಿದ.

ಕೀ ತಿರುಗಿಸಿ ಒಮ್ಮೆ ಸೆಲ್ಫ್ ಹೊಡೆದದ್ದಕ್ಕೇ ಎಂಜಿನ್ ಹಿಡಿಯಿತು. ಶೂಟಿಂಗ್ ಗಾಡಿಗೆ ನಾವು ಮೊದಲು ನೋಡುವುದೇ ಅದನ್ನು, ಡೈರೆಕ್ಟರು ಆಕ್ಷನ್ ಎಂದಾಗ ಕೆಮ್ಮುವ ಗಾಡಿ ನಮಗೆ ಬೇಡ. ಕ್ಲಚ್ಚು ಚೆನ್ನಾಗಿದೆ, ಬ್ರೇಕು ನೇರ ಹಿಡಿಯುತ್ತದೆ, ಸೈಲೆನ್ಸರಿನಲ್ಲಿ ಹೊಗೆಯಿಲ್ಲ. ಕೆರೆಯ ಪಕ್ಕದ ರಸ್ತೆಯಲ್ಲಿ ಎರಡು ಸುತ್ತು ಓಡಿಸಿದೆ. ಫೋರ್ ವೀಲಿನ ಲಿವರ್ ಹಾಕಿದೆ. ಪ್ರಣಿ, ಏನು ಹೇಳಲಿ, ಬೆಣ್ಣೆಗೆ ಚಮಚ ಇಳಿದ ಹಾಗೆ ಇಳಿಯಿತು. ಡ್ಯಾಶ್‌ಬೋರ್ಡಿನ ದೀಪವೂ ಹತ್ತಿತು. ಯೂ ಟರ್ನ್ ಹೊಡೆದೆ, ಸ್ಟೇರಿಂಗು ಹೂವಿನಷ್ಟು ಹಗುರ. ಅಲ್ಲೇ ಕೈ ಮುಂದೆ ಚಾಚಿ, ಮಾತು ಮುಗಿಯಿತು ಎಂದೆ.

ಮನೆಗೆ ತಂದ ದಿನ ಅಮ್ಮ ಆರತಿ ಎತ್ತಿದಳು. ಊರಿನ ಬಸ್ಸಿನಲ್ಲಿ ಬಂದ ಶಂಕರಪುರ ಮಲ್ಲಿಗೆಯ ದಂಡೆ ಹಾಕಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದೆವು. ಬಿಲ್ಡಿಂಗಿನವರೆಲ್ಲ ಇಳಿದು ಬಂದರು. ಸೆಕ್ರೆಟರಿ ಮಾತ್ರ, ಪಾರ್ಕಿಂಗಿನಲ್ಲಿ ಕಾಯಿ ಒಡೆಯಬಾರದೆಂದು ಮುಖ ಊದಿಸಿಕೊಂಡ. ಒಂದು ಚೂರು ಕೈಗಿಟ್ಟೆ, ತಿಂದು ಸುಮ್ಮನಾದ. ಫೋಟೋ ನಿನ್ನ ಫೋನಿಗೆ ಕಳಿಸಿದ್ದೇನೆ, ಪೇಟೆಗೆ ಇಳಿದಾಗ ನೋಡು. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತವನು ನಿನ್ನ ಅಪ್ಪ. ಹೊಟ್ಟೆ ಒಳಗೆ ಎಳೆದುಕೊಳ್ಳಲು ಮರೆತೆ.

ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯುವ ಕಾಗದಪತ್ರಕ್ಕೆ ಅರ್ಜಿ ಹಾಕಿದ್ದೇನೆ. ಉಳಿದದ್ದು ಮುಂದೆ ಬರೆಯುವೆ.

ಅಪ್ಪ


ಗೋರೆಗಾಂವ್
29 ಜುಲೈ 2025

ಮಗಳೇ,

ನಿನ್ನ ಮೆಸೇಜು ಬಂದು ಎರಡು ವಾರವಾಯಿತು. "ಅಪ್ಪ ಆರಿಸಿದ ಗಾಡಿ ಎಂದ ಮೇಲೆ ಇನ್ನೇನು, ಕಣ್ಣು ಮುಚ್ಚಿ ಓಡಿಸುತ್ತೇನೆ." ಅದನ್ನು ಓದಿದ ದಿನ ಖುಷಿಯಲ್ಲಿ ಕುಣಿದೆ. ಈಗ ಅದೇ ಮಾತು ಕಣ್ಣಿಗೆ ಬಿದ್ದರೆ ಫೋನು ಮಗುಚಿ ಇಡುತ್ತೇನೆ. ಉತ್ತರ ಬರೆಯಲು ನಾಲ್ಕು ಸಲ ಕುಳಿತು ನಾಲ್ಕು ಸಲ ಹಾಳೆ ಹರಿದೆ. ಇದನ್ನು ಪೂರ್ತಿ ಓದು. ನಡುವೆ ಸಿಟ್ಟು ಬಂದರೂ ಓದು.

ಹಿಂದಿನ ವಾರದ ಭಾನುವಾರ, ಇಪ್ಪತ್ತನೇ ತಾರೀಕು, ಅಮ್ಮ ಹಟ ಹಿಡಿದಳು. "ಮಗಳು ಕೂರುವ ಗಾಡಿಯಲ್ಲಿ ನನ್ನನ್ನೂ ಒಮ್ಮೆ ಕೂರಿಸಿ. ನಾಲ್ಕು ಚಕ್ರದ ಕರಾಮತ್ತು ನಾನೂ ನೋಡ್ತೇನೆ." ಸರಿ, ಆರೆ ಕಾಲೊನಿಗೆ ಕರೆದುಕೊಂಡು ಹೋದೆ. ಮಳೆ ಧೋ ಎಂದು ಸುರಿಯುತ್ತಿತ್ತು. ಎಮ್ಮೆ ಕಟ್ಟುವ ತಬೇಲಾಗಳ ಹಿಂದೆ ಒಂದು ಕಚ್ಚಾ ದಾರಿ ಇದೆಯಲ್ಲ, ಇಳಿಜಾರು, ಕೆಸರು, ಸಗಣಿ. ನೋಡು ಶೀಲಾವತಿ, ಈಗ ನೋಡು ಎಂದು ಲಿವರ್ ಹಾಕಿದೆ. ದೀಪ ಹತ್ತಿತು. ಇಳಿದೆವು. ಹತ್ತುವಾಗ ಗಾಡಿ ನಿಂತಿತು. ಎಕ್ಸಿಲರೇಟರ್ ಒತ್ತಿದಷ್ಟೂ ಹಿಂದಿನ ಚಕ್ರಗಳು ಕೆಸರು ತೋಡುತ್ತಾ ಕೆಳಗೆ ಹೋದವು. ನಾನು ಎಂಜಿನ್ನಿಗೆ ಬೈದೆ, ಟೈರಿಗೆ ಬೈದೆ, ಮುನಿಸಿಪಾಲಿಟಿಗೂ ಬೈದೆ.

ಅಮ್ಮ ಸೀರೆ ಎತ್ತಿ ಕಟ್ಟಿ, ಕೊಡೆ ಹಿಡಿದು ಕೆಳಗಿಳಿದಳು. ಗಾಡಿಯ ಸುತ್ತ ಒಂದು ಸುತ್ತು ಬಂದಳು. "ಎಂತ ಮಾರಾಯ್ರೆ, ನಾಲ್ಕು ಚಕ್ರ ಅಂತ ಹೇಳಿದ್ದಲ್ಲವಾ? ಹಿಂದಿನದ್ದು ಎರಡು ಮಾತ್ರ ತಿರುಗುವುದು. ಮುಂದಿನದ್ದು ಸುಮ್ಮನೆ ನಿಂತುಂಟು" ಎಂದಳು.

ಖಂಡಪ್ಪನಿಗೆ ಫೋನು ಮಾಡಿದೆ. ಭಾನುವಾರದ ಊಟ ಬಿಟ್ಟು ರಿಕ್ಷಾ ಹತ್ತಿ ಬಂದ. ತಬೇಲಾದವರು ಹಗ್ಗ ಕಟ್ಟಿ ಗಾಡಿಯನ್ನು ಮೇಲೆ ಎಳೆದು ಕೊಟ್ಟರು. ಖಂಡಪ್ಪ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರಿ ಟಾರ್ಚು ಬಿಟ್ಟು ನೋಡಿದ. ಆಮೇಲೆ ಕೆಳಗಿನಿಂದಲೇ ಕೂಗಿದ. "ದೂಜಣ್ಣಾ, ಇದರ ಮುಂದಿನ ಶಾಫ್ಟೇ ಇಲ್ಲರಿ! ಬಿಚ್ಚಿ ಒಗದಾರ!"

ನಿನಗೆ ಅರ್ಥವಾಗಲೆಂದು ಬರೆಯುತ್ತೇನೆ. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಕಬ್ಬಿಣದ ಸರಳು ಇರುತ್ತದೆ. ಹಿತೇಶನಿಗಿಂತ ಮೊದಲಿನ ಮಾಲೀಕ ಅದನ್ನು ತೆಗೆಸಿಬಿಟ್ಟಿದ್ದ. ಮುಂಬೈಯಲ್ಲಿ ಎಷ್ಟೋ ಜನ ಹೀಗೆ ಮಾಡುತ್ತಾರಂತೆ, ಸದ್ದು ಕಡಿಮೆ, ಪೆಟ್ರೋಲು ಉಳಿತಾಯ, ಇಲ್ಲಿ ಯಾರಿಗೆ ಬೇಕು ಅದು ಎಂದು. ಪಾಪ ಹಿತೇಶನಿಗೂ ಗೊತ್ತಿರಲಿಲ್ಲ. ಲಿವರ್ ಬೀಳುತ್ತದೆ, ದೀಪ ಹತ್ತುತ್ತದೆ, ಮುಂದಿನ ಚಕ್ರಕ್ಕೆ ಏನೂ ಹೋಗುವುದಿಲ್ಲ. ನಾಲ್ಕು ನಿಂಬೆಹಣ್ಣು ಇಟ್ಟು ಪೂಜೆ ಮಾಡಿದವನು ಒಮ್ಮೆ ಬಗ್ಗಿ ನೋಡಲಿಲ್ಲ.

ಖಂಡಪ್ಪ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ ಕೇಳಿದ. "ಟಾರ್ ರಸ್ತಾದ ಮ್ಯಾಲ ಫೋರ್ ವೀಲ್ ಹಾಕಿ ತಿರುವಿದ್ರ ಸ್ಟೇರಿಂಗ್ ಬಿಗಿ ಹಿಡೀತದರಿ, ಗಾಡಿ ಮುಗ್ಗರಿಸ್ತದ. ನಿಮಗ ಪವಾಯಿದಾಗ ಹಂಗ ಆಗಲಿಲ್ಲೇನು?"

"ಇಲ್ಲ. ಹೂವಿನ ಹಾಗಿತ್ತು" ಎಂದೆ.

"ಹಂಗಾರ ಅವತ್ತ ತಿಳೀಬೇಕಾಗಿತ್ತಲ್ರಿ. ಒಮ್ಮೆ ಓಡಿಸಿದವರಿಗೆ ಗೊತ್ತಾಗ್ತದ."

ಅಮ್ಮ ಕೊಡೆಯ ಕೆಳಗೆ ನಿಂತು ನನ್ನನ್ನೇ ನೋಡುತ್ತಿದ್ದಳು. ನನಗೆ ಆಗ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಖಂಡಪ್ಪ, ನಾನು ಲಡಾಖಿಗೆ ಹೋಗಿಯೇ ಇಲ್ಲ" ಎಂದುಬಿಟ್ಟೆ.

ಅವನು ನಗಲಿಲ್ಲ. "ಗೊತ್ತದರಿ" ಎಂದ. "ಭಾಳ ವರ್ಷದ ಹಿಂದ ನಿಮ್ಮನ್ನ ಒಂದು ಮಾತು ಕೇಳಿದ್ದೆ, ಅಲ್ಲಿ ಡೀಸೆಲ್ ಗಟ್ಟಿ ಆದಾಗ ಏನ್ ಮಾಡ್ತಿದ್ರಿ ಅಂತ. ಡೀಸೆಲ್ ಹ್ಯಾಂಗ ಗಟ್ಟಿ ಆಗ್ತದೋ ಅಂತ ನೀವ ನನ್ನ ಕೇಳಿದ್ರಿ. ಅವತ್ತೇ ತಿಳೀತು. ಇರ್ಲಿ ಬಿಡ್ರಿ, ಯಾರಿಗೇನು ನಷ್ಟ ಅಂತ ಸುಮ್ಮನಿದ್ದೆ. ಆದ್ರ ಈಗ ಮಗಳಿಗೆ ಹೇಳ್ರಿ. ಗಾಡಿ ಓಡ್ಸಾಕಿ ಆಕಿ."

ಹೌದು, ಪ್ರಣೀತಾ. ನಾನು ಲಡಾಖ್ ಕಂಡವನಲ್ಲ. ನಿನ್ನ ಎದುರು ಇಪ್ಪತ್ತೈದು ವರ್ಷ ಹೇಳಿದ್ದೆಲ್ಲ ಸುಳ್ಳು. ನಾನು ಕಂಡ ಹಿಮ ಫಿಲ್ಮ್ ಸಿಟಿಯ ಹಿಮ, ಉಪ್ಪು ಮತ್ತು ಥರ್ಮೋಕೋಲು. ಯಾಕ್ ಎಂಬ ಪ್ರಾಣಿಯನ್ನು ಕಂಡದ್ದು ಕ್ಯಾಲೆಂಡರಿನಲ್ಲಿ. ಖಂಡಪ್ಪನನ್ನು ಗಾಡಿ ನೋಡಲು ಕರೆದುಕೊಂಡು ಹೋಗದೆ ಇದ್ದದ್ದೂ ಅದಕ್ಕೇ. ಆ ಕಡೆಯ ರಸ್ತೆ ಕಂಡವನು, ದಾರಿಯುದ್ದಕ್ಕೂ ಏನಾದರೂ ಕೇಳಿ ನನ್ನ ಬಣ್ಣ ಬಯಲು ಮಾಡಿಬಿಟ್ಟರೆ ಎಂಬ ಹೆದರಿಕೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ನಿನ್ನನ್ನು ಎರಡು ಚಕ್ರದ ಗಾಡಿಯಲ್ಲಿ ಹಿಮಕ್ಕೆ ಕಳಿಸುತ್ತಿದ್ದೆ. ಅಮ್ಮ ಹಟ ಮಾಡದಿದ್ದರೆ ಕಳಿಸಿಯೇ ಬಿಡುತ್ತಿದ್ದೆ.

ನಡೆದದ್ದು ಇಷ್ಟು. 2000ನೇ ಇಸವಿಯ ಜೂನಿನಲ್ಲಿ ಒಂದು ಶೂಟಿಂಗ್ ಯೂನಿಟ್ಟು ಲಡಾಖಿಗೆ ಹೊರಟಿತ್ತು, ಜನರೇಟರ್ ವ್ಯಾನಿಗೆ ನನ್ನ ಹೆಸರು ಬಂತು. ನಿನಗಾಗ ಒಂಬತ್ತು ವರ್ಷ. ಆಗ ನಾವಿದ್ದ ಚಾಳಿನವರೆಲ್ಲ ಸೇರಿ ಹಾರ ಹಾಕಿದರು, ಸಂಘದವರು ಶಾಲು ಹೊದಿಸಿದರು, ನಿನ್ನ ಟೀಚರು ನಿನ್ನನ್ನು ಮುಂದೆ ಕರೆದು ಭೂಪಟದಲ್ಲಿ ಲಡಾಖ್ ತೋರಿಸಲು ಹೇಳಿದರಂತೆ. ಮುಂಬೈ ದಾಟಿದ ಕೂಡಲೇ ಸಿಗುವ ಕಸಾರಾ ಘಾಟಿಯಲ್ಲಿ ಮಂಜು, ಮಳೆ. ಏರಿನಲ್ಲಿ ನನ್ನ ವ್ಯಾನು ನಿಂತಿತು. ಮತ್ತೆ ಎತ್ತಲು ಹೋದರೆ ಹಿಂದಕ್ಕೆ ಉರುಳಿತು, ಹಿಂದಿನ ಕಾರಿಗೆ ಒಂದು ಗೇಣು ಉಳಿದಿತ್ತು. ನನ್ನ ಕಾಲು ಬ್ರೇಕಿನ ಮೇಲೆ ಹೆಪ್ಪುಗಟ್ಟಿತು, ತೆಗೆಯಲಿಕ್ಕೇ ಆಗಲಿಲ್ಲ. ಮ್ಯಾನೇಜರು ಇಗತ್‌ಪುರಿಯಲ್ಲಿ ನನ್ನನ್ನು ಇಳಿಸಿ, ಎಲ್ಲರ ಎದುರು ಕೀ ತೆಗೆದುಕೊಂಡ. "ಇದು ಇಲ್ಲಿಯ ಘಾಟಿ, ಅಲ್ಲಿ ಏನು ಮಾಡುತ್ತೀ?" ಎಂದ. ಅವನ ಮಾತು ಸರಿಯೇ ಇತ್ತು.

ಹಾರ ಹಾಕಿಸಿಕೊಂಡು ಹೋದವನು ಎರಡೇ ದಿನಕ್ಕೆ ಯಾವ ಮುಖ ಹೊತ್ತು ಮನೆಗೆ ಬರಲಿ? ನಾಲ್ಕು ತಿಂಗಳು ಬೇರೆ ಕಡೆ ಕೆಲಸ ಮಾಡಿದೆ. ವಾರಕ್ಕೊಂದು ಕಾಗದ ನಿನಗೆ ಬರೆದು, ಯೂನಿಟ್ಟಿನಿಂದ ಬಂದವರು ತಂದರು ಎಂದು ಹೇಳಿಸಿ, ಗೆಳೆಯನೊಬ್ಬನ ಕೈಯಲ್ಲಿ ಮನೆಗೆ ಮುಟ್ಟಿಸಿದೆ. ಹಿಮ, ಯಾಕ್, ಗುಂಪಾಗಿ ಇಳಿಯುವ ಕುರಿಗಳು, ಎಲ್ಲ ಮನಸ್ಸಿಗೆ ತೋಚಿದ ಹಾಗೆ. ಆ ಕಾಗದಗಳನ್ನು ನೀನು ತಲೆದಿಂಬಿನ ಕೆಳಗೆ ಇಟ್ಟು ಮಲಗಿದೆ. ಅವುಗಳನ್ನು ಓದಿಯೇ ಪಶುವೈದ್ಯೆಯಾದೆ ಎಂದು ನೀನೇ ಹೇಳಿದ್ದೀ. ನಾನು ಎಂದೂ ಹೋಗದ ಜಾಗಕ್ಕೆ ನಿನ್ನನ್ನು ಕಳಿಸಿದವನು ನಾನೇ. ಅಮ್ಮ ನನ್ನ ಮೇಲೆ ಹಾರಿದ್ದರಲ್ಲಿ ತಪ್ಪೇನಿದೆ.

ಗಾಡಿಯ ವಿಷಯ ಕೇಳು, ಇದು ಖಂಡಪ್ಪ ಹೇಳಿ ಬರೆಸಿದ್ದು, ನನ್ನದಲ್ಲ. ವಿಷಯ ತಿಳಿದು ಹಿತೇಶ್ ಕಣ್ಣಲ್ಲಿ ನೀರು ತಂದುಕೊಂಡ. "ಸಾರಿ ಅಂಕಲ್, ದೀದಿಗೆ ಎಂತಾದರೂ ಆಗಿದ್ದರೆ ಮೈ ಕ್ಯಾ ಕರ್ತಾ" ಎಂದು ತಾನೇ ಕುರ್ಲಾದ ಬಜಾರಿನಲ್ಲೆಲ್ಲ ಅಲೆದು, ಸರಿಯಾದ ಶಾಫ್ಟ್ ಹುಡುಕಿ ತಂದ. ಖಂಡಪ್ಪ ಎರಡು ದಿನ ಕುಳಿತು ಕೂಡಿಸಿದ. ಮುಂದಿನ ಚಕ್ರಗಳ ನಡುವಿನ ಹಬ್ಬುಗಳನ್ನು ಬಿಚ್ಚಿ ಗ್ರೀಸು ತುಂಬಿದ. ಅದೇ ತಬೇಲಾದ ಕೆಸರಿನಲ್ಲಿ ಐದು ಸಲ ಇಳಿಸಿ ಹತ್ತಿಸಿದ. ಓಡಿಸಿದವನು ಅವನು. ನಾನು ಹೊರಗೆ ನಿಂತು ಮುಂದಿನ ಚಕ್ರ ತಿರುಗುತ್ತದೋ ಇಲ್ಲವೋ ಎಂದು ನೋಡಿದೆ. ತಿರುಗಿತು, ಮಗಾ. ಐದೂ ಸಲ ತಿರುಗಿತು.

ಗಟ್ಟಿ ಟಾರಿನ ಮೇಲೆ ಫೋರ್ ವೀಲ್ ಹಾಕಬೇಡ. ಹಿಮ, ಕೆಸರು, ಮರಳು ಇದ್ದಲ್ಲಿ ಮಾತ್ರ ಹಾಕು. ಇಳಿಜಾರಿನಲ್ಲಿ ಲೋ ಗೇರಿಗೆ ಹಾಕಿ ಬ್ರೇಕಿನಿಂದ ಕಾಲು ತೆಗೆ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಗಾಡಿ ಕೈಗೆ ಬಂದ ದಿನ ಅಲ್ಲಿಯ ಮೆಕ್ಯಾನಿಕ್ಕನ್ನು ಕರೆಸಿ ಜಾಕ್ ಏರಿಸಿ ನಾಲ್ಕೂ ಚಕ್ರ ತಿರುಗಿಸಿ ನೋಡು. ನೀನೇ ಗಾಡಿಯ ಕೆಳಗೆ ತೂರಿ ನೋಡು. ಅಪ್ಪ ಆರಿಸಿದ್ದು ಎಂದು ಕಣ್ಣು ಮುಚ್ಚಿ ಓಡಿಸಬೇಡ.

ಆಗಸ್ಟ್ ಹದಿನೈದು ಕಳೆದ ಮೇಲೆ ಗಾಡಿ ಟ್ರಕ್ಕಿನಲ್ಲಿ ಚಂಡೀಗಢಕ್ಕೆ ಬರುತ್ತದೆ. ಖಂಡಪ್ಪ ರೈಲಿನಲ್ಲಿ ಬಂದು ಅಲ್ಲಿ ನಿನಗೆ ಒಪ್ಪಿಸುತ್ತಾನೆ, ಹಾಗೇ ಪಠಾಣ್‌ಕೋಟಿನ ಹಳೆಯ ಸ್ನೇಹಿತರನ್ನು ನೋಡಿ ಬರುತ್ತಾನಂತೆ. ನಾನು ಓಡಿಸಿಕೊಂಡು ಬರುತ್ತೇನೆ ಎಂದು ಜಂಬ ಕೊಚ್ಚಿದ್ದೆ, ಅದನ್ನು ಬಿಡು. ನೀನು ಒಪ್ಪಿದರೆ ಖಂಡಪ್ಪನ ಜೊತೆ ನಾನೂ ಬರುತ್ತೇನೆ. ಅಲ್ಲಿಂದ ಮುಂದೆ ನೀನು ಓಡಿಸು, ನಾನು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರುತ್ತೇನೆ. ಯಾಕ್ ಎಂದರೆ ಹೇಗಿರುತ್ತದೆ ಎಂದು ನೀನೇ ತೋರಿಸು. ಬೇಡವೆನಿಸಿದರೆ ಬೇಡವೆಂದೇ ಬರೆ, ನಾನು ಅಷ್ಟಕ್ಕೆ ತಕ್ಕವನೇ.

ನೀನು ಹೋಗುವ ದಾರಿಯೆಲ್ಲ ಸುಖವಾಗಿರಲಿ. ನಿನ್ನ ಕುರಿಗಳು, ಅವುಗಳ ಮರಿಗಳು, ನಿನಗೆ ಚಹಾ ಕೊಡುವ ಆ ಮನೆಗಳವರು ಎಲ್ಲರೂ ಚೆನ್ನಾಗಿರಲಿ. ನಾನು ಕೊಡುವ ಆಶೀರ್ವಾದಕ್ಕೆ ಬೆಲೆ ಇದೆಯೋ ಇಲ್ಲವೋ ಗೊತ್ತಿಲ್ಲ. ಅಮ್ಮನದ್ದನ್ನೂ ಸೇರಿಸಿ ಕಳಿಸುತ್ತಿದ್ದೇನೆ, ಅದಕ್ಕೆ ಖಂಡಿತ ಇದೆ.

ನಿನ್ನ ಅಪ್ಪ,
ದೂಜ

ತಾ.ಕ.: ಮರೆತಿದ್ದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ, ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಆ ನಾಲ್ಕು ತಿಂಗಳು ನಾನು ದಾದರಿನಲ್ಲಿದ್ದೆ. ಸ್ಟೇಷನ್ನಿನ ಹೊರಗೆ ನಮ್ಮೂರಿನವರ ಹೋಟೆಲಿನಲ್ಲಿ, ದೋಸೆ ಕಾವಲಿಯ ಮುಂದೆ. ಡ್ರೈವರ್ ಆಗುವ ಮೊದಲು ಮಾಡಿದ ಕೆಲಸ, ಕೈಗೆ ಮರೆತಿರಲಿಲ್ಲ. ಗೋರೆಗಾಂವಿನಿಂದ ಲೋಕಲಿನಲ್ಲಿ ಅರ್ಧ ಗಂಟೆ.

ಆಗಸ್ಟಿನಲ್ಲಿ ಒಂದು ಸಂಜೆ ನೀನೂ ಅಮ್ಮನೂ ಆ ಹೋಟೆಲಿಗೆ ಬಂದಿರಿ. ಅಡುಗೆಮನೆಯ ಕಿಂಡಿಯಿಂದ ನೋಡಿದೆ. ನೀನು ಶಾಲೆಯ ಯೂನಿಫಾರ್ಮಿನಲ್ಲಿದ್ದೆ, ಒಂದು ಜಡೆಯ ರಿಬ್ಬನ್ನು ಬಿಚ್ಚಿಹೋಗಿತ್ತು. ಈ ದೋಸೆಯನ್ನು ಲಡಾಖಿಗೆ ಪಾರ್ಸೆಲ್ ಕಳಿಸಲಿಕ್ಕೆ ಆಗ್ತದಾ, ನನ್ನ ಅಪ್ಪನಿಗೆ ಅಲ್ಲಿ ಸಿಗುವುದಿಲ್ಲ ಎಂದು ನೀನು ಸಪ್ಲೈಯರನ್ನು ಕೇಳಿದೆಯಂತೆ. ಅವನು ಒಳಗೆ ಬಂದು ಹೇಳಿದ, ಎಲ್ಲರೂ ನಕ್ಕರು. ಗೊತ್ತಾಗಬಾರದೆಂದು ನಾನೂ ನಕ್ಕೆ. ನಿನ್ನ ದೋಸೆ ಹೊಯ್ದವನು ನಾನೇ. ಬೆಣ್ಣೆ ಸ್ವಲ್ಪ ಹೆಚ್ಚು ಹಾಕಿದೆ, ಅಷ್ಟೇ ಮಾಡಿದೆ.

ನೀವು ಆಕಸ್ಮಿಕವಾಗಿ ಬಂದದ್ದೆಂದು ಇಷ್ಟು ವರ್ಷ ನಂಬಿದ್ದೆ. ಆ ಭಾನುವಾರ ಆರೆಯಿಂದ ಬಂದ ಮೇಲೆ ಅಮ್ಮ ನನ್ನ ಪ್ಯಾಂಟಿನ ಕೆಸರು ತೊಳೆಯುತ್ತಾ, ತಲೆ ಎತ್ತದೆ ಹೇಳಿದಳು. "ಆ ದಿನ ನಾವು ಸುಮ್ಮನೆ ಬಂದದ್ದಲ್ಲ. ನೀವು ಅಲ್ಲಿದ್ದೀರಿ ಅಂತ ನನಗೆ ಗೊತ್ತಿತ್ತು. ಮಗುವನ್ನು ಕಂಡಾದರೂ ಹೊರಗೆ ಬರ್ತೀರಿ ಅಂತ ಮೂರು ಸಲ ಚಹಾ ತರಿಸಿ ಕುಳಿತೆ."

ಮೂರನೆಯ ಚಹಾ ಮುಗಿದು ನೀವಿಬ್ಬರೂ ಎದ್ದು ಹೋಗುವವರೆಗೂ ನಾನು ಕಾವಲಿಯ ಮುಂದೆಯೇ ನಿಂತಿದ್ದೆ, ಮಗಾ. ಹತ್ತು ಹೆಜ್ಜೆ ಇತ್ತು.